ಉಯಿಲು ಬರೆದ ಹೊತ್ತಿನಲ್ಲಿ ಅಪ್ಪನ ಬುದ್ಧಿ ನೆಟ್ಟಗಿತ್ತೇ?

ಮದ್ದೂರು ಕಡೆಯ ಒಂದು ಮನೆ ಎಂದುಕೊಳ್ಳಿ. ಯಜಮಾನರ ತಿಥಿ ಮುಗಿಯುವ ಮೊದಲೇ ಉಯಿಲೊಂದು ಹೊರಬಿದ್ದಿದೆ: ನಾಲೆ ಬಯಲಿನ ಗದ್ದೆಯೆಲ್ಲ ಕಿರಿಯ ಮಗನಿಗೆ. ‘ಅಪ್ಪನಿಗೆ ಆಗಲೇ ಅರಳು ಮರಳು’ ಎನ್ನುತ್ತಾನೆ ಹಿರಿಯ. ‘ಕಬ್ಬಿನ ಲೆಕ್ಕ ಬಾಯಲ್ಲೇ ಹೇಳುತ್ತಿದ್ದರು’ ಎನ್ನುತ್ತಾನೆ ಕಿರಿಯ. ಇಬ್ಬರ ಮಾತೂ ನಿಜವಿರಬಹುದು.

ಮೊದಲು ಉಯಿಲಿನ ತಾರೀಖು ಮಾತ್ರವಲ್ಲ, ಗಂಟೆಯನ್ನೂ ಗೊತ್ತುಮಾಡಿಕೊಳ್ಳಿ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 59ನೇ ಕಲಂ ಪ್ರಕಾರ, ಬುದ್ಧಿಭ್ರಮಣೆ ಇದ್ದವರೂ ನಡುವೆ ಮನಸ್ಸು ತಿಳಿಯಾದಾಗ ಉಯಿಲು ಮಾಡಬಹುದು. ‘ಮರೆವಿನ ಕಾಯಿಲೆ’ ಎಂದು ಬರೆದ ಚೀಟಿಯೊಂದು ಸಿಕ್ಕಿತೆಂದು ಹಿಗ್ಗಬೇಡಿ.

ಆಮೇಲೆ ಆಸ್ಪತ್ರೆಯ ಕಾಗದ. ಡಿಸ್ಚಾರ್ಜ್ ಚೀಟಿ ಸಾಲದು, ಪೂರ್ತಿ ಕೇಸ್ ಶೀಟ್ ಬೇಕು. ಅದರಲ್ಲೂ ನರ್ಸುಗಳ ಟಿಪ್ಪಣಿ. ವಕೀಲರೂ ಓದದೆ ಮಗುಚಿಹಾಕುವ ಹಾಳೆಗಳವು. ನನ್ನ ಮಟ್ಟಿಗೆ ಅವೇ ಬಂಗಾರ. ‘ರಾತ್ರಿ 2ಕ್ಕೆ ಡ್ರಿಪ್ ಕಿತ್ತುಕೊಂಡರು, ಮಗಳ ಗುರುತು ಹಿಡಿಯಲಿಲ್ಲ’ ಎಂಬ ಸಾಲಿನ ಕೆಳಗೇ ‘ಬೆಳಿಗ್ಗೆ 10ಕ್ಕೆ ಹೆಸರು, ಊರು ಸರಿಯಾಗಿ ಹೇಳಿದರು’ ಎಂದಿರಬಹುದು. ರಕ್ತದ ಸೋಡಿಯಂ ಕುಸಿದರೆ, ಮೂತ್ರಕ್ಕೆ ಸೋಂಕು ತಗುಲಿದರೆ ವಯಸ್ಸಾದವರಿಗೆ ಸನ್ನಿ ಹಿಡಿಯುವುದುಂಟು; ಅದು ಗಂಟೆಗಂಟೆಗೂ ಏರಿಳಿಯುತ್ತದೆ. ಆದ್ದರಿಂದ ರಕ್ತಪರೀಕ್ಷೆಯ ದಿನವನ್ನೂ ನಿದ್ದೆ ಮಾತ್ರೆ ಕೊಟ್ಟ ವೇಳೆಯನ್ನೂ ಉಯಿಲಿನ ವೇಳೆಯ ಪಕ್ಕದಲ್ಲಿಟ್ಟು ನೋಡಿ.

ಆ ದಿನಗಳಲ್ಲಿ ಯಜಮಾನರು ವ್ಯವಹಾರ ಹೇಗೆ ನೋಡಿಕೊಳ್ಳುತ್ತಿದ್ದರೆಂದು ತಿಳಿಯಲು ಮನೆಯಲ್ಲಿರುವ ಬ್ಯಾಂಕ್ ಪಾಸ್‌ಬುಕ್, ಕಬ್ಬಿನ ಬಿಲ್ಲು, ಡೇರಿ ಲೆಕ್ಕವನ್ನೂ ಜೋಡಿಸಿಕೊಳ್ಳಿ. ಸಹಿ ಸೊಟ್ಟಗಾಯಿತೆಂದರೆ ಬುದ್ಧಿ ಕೆಟ್ಟಿತ್ತೆಂದಲ್ಲ, ಪಾರ್ಕಿನ್ಸನ್ ಕಾಯಿಲೆಯಲ್ಲೂ ಕೈ ನಡುಗುತ್ತದೆ.

ಉಯಿಲಿಗೆ ಕನಿಷ್ಠ ಇಬ್ಬರು ಸಾಕ್ಷಿಗಳಿರಬೇಕು. ಅವರನ್ನು ‘ಬುದ್ಧಿ ಸರಿ ಇತ್ತೇ’ ಎಂದು ಕೇಳಿದರೆ ‘ಇತ್ತು’ ಎಂದಷ್ಟೇ ಉತ್ತರ ಬರುತ್ತದೆ. ಯಜಮಾನರು ಏನು ಮಾತಾಡಿದರು, ಗದ್ದೆ ಎಷ್ಟಿದೆ ಎಂದರು, ಹಿರಿಯನ ಹೆಸರೆತ್ತಿದರೇ, ಅವನಿಗೇಕೆ ಇಲ್ಲ ಎಂದರು ಎಂದು ಕೇಳಿ. 1870ರ ಇಂಗ್ಲೆಂಡಿನ ತೀರ್ಪೊಂದು ಹಾಕಿಕೊಟ್ಟ ಅಳತೆಗೋಲು ಹೆಚ್ಚುಕಡಿಮೆ ಇದೇ. ಆ ಮೊಕದ್ದಮೆಯ ಮನುಷ್ಯನಿಗೆ ಭ್ರಮೆಗಳಿದ್ದವು; ಉಯಿಲಿಗೆ ಅವು ತಾಗಿರಲಿಲ್ಲವೆಂದು ಉಯಿಲು ಊರ್ಜಿತವಾಯಿತು.

ಉಯಿಲು ಬರೆದುಕೊಡುವ ಪತ್ರ ಬರಹಗಾರರನ್ನು ಕರೆತಂದವನು ಕಿರಿಯ ಮಗನೇ? ಹಾಗಿದ್ದರೆ ಶಂಕೆ ಕಳೆಯುವ ಹೊಣೆ ಅವನದೇ. ಇದನ್ನು ಬಿಡಿಸಿ ಹೇಳಿದ ಸುಪ್ರೀಂ ಕೋರ್ಟಿನ ಹೆಸರಾಂತ ತೀರ್ಪು ಹುಟ್ಟಿದ್ದು ನಮ್ಮ ಅಂದಿನ ಮೈಸೂರು ಹೈಕೋರ್ಟಿನಿಂದ ಹೋದ ವೆಂಕಟಾಚಲ ಅಯ್ಯಂಗಾರ್ ಮೊಕದ್ದಮೆಯಲ್ಲಿ. ನೋಂದಣಿಯಾಗಿದೆ ಎಂದಮಾತ್ರಕ್ಕೆ ಶಂಕೆ ತೀರುವುದಿಲ್ಲ.

ಕೊನೆಗೆ ಮನೋವೈದ್ಯರು. ನಿಮಗೆ ಅನುಕೂಲವಾದ ಹಾಳೆಗಳನ್ನಷ್ಟೇ ಅಲ್ಲ, ಎಲ್ಲವನ್ನೂ ಅವರ ಮುಂದಿಡಿ. ‘ಆ ಮಧ್ಯಾಹ್ನದ ದಾಖಲೆಯೇ ಇಲ್ಲ, ಖಚಿತವಾಗಿ ಹೇಳಲಾರೆ’ ಎಂದು ಬರೆದರೆ ಮುನಿಸಿಕೊಂಡು ಇನ್ನೊಬ್ಬರನ್ನು ಹುಡುಕಬೇಡಿ. ಪಾಟೀಸವಾಲಿನಲ್ಲಿ ಎದುರು ವಕೀಲರು ಕೈಹಾಕುವುದೇ ಆ ಮಧ್ಯಾಹ್ನಕ್ಕೆ.