ಶಂಖಪುಷ್ಪದ ಬಳ್ಳಿಯಲ್ಲಿ ‘ರೆಸುಪಿನೇಟ್’ ಗುರುತಿಸುವುದು

ಲ್ಯಾಟಿನ್‌ನ ‘ಸುಪೈನಸ್’ ಅಂದರೆ ಅಂಗಾತ ಮಲಗಿದ್ದು. ಮುಂದೆ ‘ರೆ’ ಸೇರಿದರೆ ಹಿಂದಕ್ಕೆ ವಾಲಿ ಅಂಗಾತವಾದದ್ದು. ಸಸ್ಯಶಾಸ್ತ್ರದಲ್ಲಿ ತಿರುಚಿಕೊಂಡು ತಲೆಕೆಳಗಾದ ಹೂವಿಗೆ ಈ ವಿಶೇಷಣ.

ಒಂಟಿ ಸುತ್ತಿನ ಶಂಖಪುಷ್ಪವನ್ನೂ ಅವರೆ ಹೂವನ್ನೂ ಹೋಲಿಸಿ. ಕೀಳಬೇಡಿ, ಕೈಗೆ ಬಂದ ಹೂವಿಗೆ ಮೇಲು ಯಾವುದು, ಕೆಳಗು ಯಾವುದು? ಅವರೆಯಲ್ಲಿ ಅಗಲ ಎಸಳು ಮೇಲೆ, ಕೇಸರ ಮುಚ್ಚಿದ ದೋಣಿಯಂಥ ಭಾಗ ಕೆಳಗೆ. ಶಂಖಪುಷ್ಪದಲ್ಲಿ ಪೂರ್ತಿ ಉಲ್ಟಾ: ನಡುವೆ ಬಿಳಿ-ಹಳದಿ ಮಚ್ಚೆಯಿರುವ ನೀಲಿ ಎಸಳು ಕೆಳಗೆ ಚಾಪೆಯಂತೆ ಹಾಸಿರುತ್ತದೆ. ಅಲ್ಲಿಳಿದ ಜೇನಿನ ಹೊಟ್ಟೆಗಲ್ಲ, ಬೆನ್ನಿಗೆ ಪರಾಗ ಅಂಟುತ್ತದೆ. ತೊಟ್ಟಿನ ತಿರುಚನ್ನು ಭೂತಗನ್ನಡಿ ಹಿಡಿದು ನೋಡಿ.

ಹಲವು ಸುತ್ತೆಸಳಿನ ತಳಿ ಈ ಕೆಲಸಕ್ಕೆ ಬೇಡ, ಅದರ ಎಸಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ಹೆಚ್ಚಿನ ಆರ್ಕಿಡ್‌ಗಳೂ ರೆಸುಪಿನೇಟ್: ಮೊಗ್ಗಿನಲ್ಲಿ ಮೇಲಿದ್ದ ‘ತುಟಿ’ (ಉಳಿದವಕ್ಕಿಂತ ಬೇರೆಯಾಗಿ ಕಾಣುವ ಎಸಳು), ಹೂ ಸುಮಾರು 180 ಡಿಗ್ರಿ ತಿರುಗಿ ಕೆಳಗೆ ಬರುತ್ತದೆ.