ಎರಡು ವಾರಕ್ಕೊಮ್ಮೆ ಗಿರಾಕಿಯ ಮುಂದೆ: ಕಂಪನಿಯನ್ನು ಅಜೈಲ್‌ಗೆ ತರುವುದು ಹೇಗೆ?

ತಿಪಟೂರಿನ ಒಂದು ಕೊಬ್ಬರಿ ಮಂಡಿಗೆ ನಾವು ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡಲು ಎಂಟು ತಿಂಗಳು ಹಿಡಿಯಿತು. ಮೊದಲ ಎರಡು ತಿಂಗಳು ಬರೀ ಕಾಗದ. ಏನೇನು ಬೇಕು ಅಂತ ಬರೆದು, ಮಾಲೀಕರ ಸಹಿ ಹಾಕಿಸಿಕೊಂಡು, ದಪ್ಪ ಫೈಲು ಕಟ್ಟಿದೆವು. ಆಮೇಲೆ ಡಿಸೈನ್, ಆಮೇಲೆ ಕೋಡಿಂಗ್, ಕೊನೆಗೆ ಟೆಸ್ಟಿಂಗ್. ತುಮಕೂರಿನಿಂದ ರೈಲಿನಲ್ಲಿ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿ ಮಂಡಿಯ ಗುಮಾಸ್ತರ ಮುಂದೆ ತೆರೆದಿಟ್ಟೆವು. ಅವರು ಎರಡು ನಿಮಿಷ ನೋಡಿ ಕೇಳಿದ್ದು ಒಂದೇ ಮಾತು: ‘ಚೀಲದ ತೂಕ ಎಲ್ಲಿ ಕಳೀತೀರಿ?’

ಎಲ್ಲೂ ಕಳೆದಿರಲಿಲ್ಲ. ಅಷ್ಟು ದಪ್ಪ ಫೈಲಿನಲ್ಲಿ ಆ ಮಾತೇ ಇರಲಿಲ್ಲ. ಮಾಲೀಕರಿಗೆ ಅದು ಹೇಳಬೇಕಾದ ವಿಷಯ ಅನ್ನಿಸಿರಲಿಲ್ಲ, ನಮಗೆ ಕೇಳಬೇಕು ಅಂತ ಹೊಳೆದಿರಲಿಲ್ಲ. ಸರಿಪಡಿಸಲು ಹೋದರೆ ಬಿಲ್ಲು, ದಾಸ್ತಾನು, ರೈತರ ಖಾತೆ ಮೂರನ್ನೂ ಬಿಚ್ಚಬೇಕಾಯಿತು. ನಮ್ಮ ಪುಟ್ಟ ಕಂಪನಿ ಅಜೈಲ್ ಕಡೆ ತಿರುಗಿದ್ದು ಆ ದಿನ. ಅಜೈಲ್ ಅಂದರೆ ಕೆಲಸವನ್ನು ಸಣ್ಣ ತುಂಡುಗಳಾಗಿ ಮಾಡಿ, ಆಗಾಗ ಗಿರಾಕಿಗೆ ತೋರಿಸಿ ತಿದ್ದಿಕೊಳ್ಳುತ್ತಾ ಹೋಗುವ ಪದ್ಧತಿ.

ನಾವು ಮಾಡುತ್ತಿದ್ದ ಹಳೇ ಪದ್ಧತಿಗೆ ವಾಟರ್‌ಫಾಲ್ ಎನ್ನುತ್ತಾರೆ. ಒಂದು ಹಂತ ಪೂರ್ತಿ ಮುಗಿದ ಮೇಲೆ ಮುಂದಿನದು, ನೀರು ಕೆಳಗೆ ಬಿದ್ದ ಹಾಗೆ. 1970ರಲ್ಲಿ ಸಾಫ್ಟ್‌ವೇರ್ ತಜ್ಞ ವಿನ್‌ಸ್ಟನ್ ರಾಯ್ಸ್ ಬರೆದ ಪ್ರಬಂಧದಲ್ಲಿ ಇದರ ಚಿತ್ರವಿದೆ. ತಮಾಷೆ ನೋಡಿ, ಹೀಗೆ ಮಾಡಿದರೆ ಅಪಾಯ ಅಂತ ಅದೇ ಪ್ರಬಂಧದಲ್ಲಿ ಅವರೇ ಬರೆದಿದ್ದರು. ಜನ ಚಿತ್ರ ಇಟ್ಟುಕೊಂಡರು, ಮಾತು ಬಿಟ್ಟರು. ಮುಂದೆ 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ 17 ಮಂದಿ ಸೇರಿ ಅಜೈಲ್ ಪ್ರಣಾಳಿಕೆ ಬರೆದರು. 4 ಮೌಲ್ಯ, 12 ತತ್ವ. ಎಲ್ಲ ಸೇರಿ ಎರಡು ಪುಟವೂ ಆಗುವುದಿಲ್ಲ. ತರಬೇತಿಗೆ ದುಡ್ಡು ಕಟ್ಟುವ ಮೊದಲು ಅದನ್ನೊಮ್ಮೆ ಓದಿ.

ಮೊದಲು ಒಂದೇ ತಂಡ

ಸೋಮವಾರದಿಂದ ಇಡೀ ಕಂಪನಿ ಅಜೈಲ್ ಅಂತ ಘೋಷಣೆ ಮಾಡಬೇಡಿ. ಒಂದು ತಂಡ, ಒಂದು ಪ್ರಾಜೆಕ್ಟ್ ಆರಿಸಿಕೊಳ್ಳಿ. ತಂಡದಲ್ಲಿ ಹತ್ತಕ್ಕಿಂತ ಜಾಸ್ತಿ ಜನ ಬೇಡ. ಕೋಡ್ ಬರೆಯುವವರು, ಟೆಸ್ಟ್ ಮಾಡುವವರು ಒಂದೇ ಮೇಜಿನ ಸುತ್ತ ಕೂರಲಿ. ಗಿರಾಕಿ ನಿಮ್ಮ ಕೈಗೆ ಸಿಗುವವರಾಗಿರಬೇಕು. ನಮಗೆ ತಿಪಟೂರು ಸಿಕ್ಕಿದ್ದು ಅದೃಷ್ಟ, ಬೆಳಗ್ಗೆ ಹೋಗಿ ಸಂಜೆಗೆ ವಾಪಸ್ ಬರಬಹುದು.

ಯಾವುದು ಮೊದಲು, ಯಾವುದು ಆಮೇಲೆ ಅಂತ ಹೇಳುವ ಅಧಿಕಾರ ಒಬ್ಬರಿಗೇ ಇರಲಿ. ಇವರೇ ಪ್ರಾಡಕ್ಟ್ ಓನರ್. ಮೂರು ಜನ ಮೂರು ತರ ಹೇಳಿದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ.

ಫೈಲು ಮುಚ್ಚಿ, ಚೀಟಿ ಬರೆಯಿರಿ

ಬೇಕಾದದ್ದನ್ನೆಲ್ಲ ಸಣ್ಣ ಸಣ್ಣ ಚೀಟಿಗಳಲ್ಲಿ ಬರೆಯಿರಿ. ಯಾರಿಗೆ ಬೇಕು, ಏನು ಬೇಕು, ಯಾಕೆ ಬೇಕು, ಮೂರೂ ಅದರಲ್ಲಿರಲಿ. ನಮ್ಮ ಒಂದು ಚೀಟಿ ಹೀಗಿತ್ತು: ‘ಗುಮಾಸ್ತರು ಮೌಸ್ ಮುಟ್ಟದೆ ತೂಕ ನಮೂದಿಸಬೇಕು, ಯಾಕೆಂದರೆ ಒಂದು ಕೈಯಲ್ಲಿ ಚೀಟಿ ಪುಸ್ತಕ ಇರುತ್ತದೆ.’ ಆ ‘ಯಾಕೆಂದರೆ’ ಇಲ್ಲದಿದ್ದರೆ ನಮ್ಮ ಹುಡುಗರು ಚೆಂದದ ಬಟನ್ ಒಂದನ್ನು ಇಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ಚೀಟಿಗಳನ್ನು ಮುಖ್ಯವಾದದ್ದು ಮೇಲೆ ಬರುವಂತೆ ಜೋಡಿಸಿ. ಈ ಪಟ್ಟಿಗೆ ಬ್ಯಾಕ್‌ಲಾಗ್ ಎನ್ನುತ್ತಾರೆ. ಅದು ದಿನಾ ಬದಲಾಗಬಹುದು, ಬದಲಾಗಲಿ.

ಎರಡು ವಾರದ ಓಟ

ಮೇಲಿನ ಕೆಲವು ಚೀಟಿ ಎತ್ತಿಕೊಂಡು ಎರಡು ವಾರದಲ್ಲಿ ಮುಗಿಸುವುದೇ ಸ್ಪ್ರಿಂಟ್. ಅಜೈಲ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವ ಸ್ಕ್ರಮ್ ಎಂಬ ಪದ್ಧತಿಯಲ್ಲಿ ಇದು ಒಂದು ತಿಂಗಳು ಮೀರುವಂತಿಲ್ಲ. ಮುಗಿಸುವುದು ಅಂದರೆ ಕೋಡ್ ಬರೆದದ್ದಷ್ಟೇ ಅಲ್ಲ, ಟೆಸ್ಟ್ ಆಗಿ ಗಿರಾಕಿ ಬಳಸುವ ಹಾಗಿರಬೇಕು.

ಇಲ್ಲೇ ನಾವು ಎಡವಿದ್ದು. ಮೊದಲ ಸ್ಪ್ರಿಂಟ್‌ನಲ್ಲಿ ಎಂಟು ದಿನ ಕೋಡಿಂಗ್, ಉಳಿದ ಎರಡು ದಿನ ಟೆಸ್ಟಿಂಗ್. ಅಂದರೆ ಅದೇ ವಾಟರ್‌ಫಾಲ್, ಗಾತ್ರ ಮಾತ್ರ ಚಿಕ್ಕದು. ಟೆಸ್ಟಿಂಗ್ ನೋಡುವ ಹುಡುಗಿ ಎಂಟು ದಿನ ಸುಮ್ನೆ ಕೂತು, ಕೊನೆಗೆ ಎರಡು ರಾತ್ರಿ ನಿದ್ದೆಗೆಟ್ಟಳು. ಇದಕ್ಕೆ ಮದ್ದು ಗೋಡೆಯ ಬೋರ್ಡು. ಮೂರು ಸಾಲು ಎಳೆಯಿರಿ: ಮಾಡಬೇಕಾದ್ದು, ಮಾಡುತ್ತಿರುವುದು, ಮುಗಿದದ್ದು. ನಡುವಿನ ಸಾಲಿನಲ್ಲಿ ಮೂರಕ್ಕಿಂತ ಹೆಚ್ಚು ಚೀಟಿ ಇರಬಾರದು ಅಂತ ಕಟ್ಟು ಹಾಕಿ. ಹಳೆಯದನ್ನು ಟೆಸ್ಟ್ ಮಾಡಿ ಮುಗಿಸದೆ ಹೊಸದನ್ನು ಎತ್ತಿಕೊಳ್ಳಲು ಆಗುವುದಿಲ್ಲ. ಈ ಮಿತಿಯ ಉಪಾಯ ಬಂದದ್ದು ಜಪಾನಿನ ಟೊಯೋಟಾ ಕಾರ್ಖಾನೆಯ ಕಾನ್‌ಬಾನ್ ಪದ್ಧತಿಯಿಂದ.

ಇನ್ನೊಂದು ಮಾತು. ಹಳೇ ಕೋಡ್‌ಗೆ ತಾನೇ ಓಡುವ ಟೆಸ್ಟ್‌ಗಳಿಲ್ಲದಿದ್ದರೆ ಎರಡು ವಾರಕ್ಕೊಮ್ಮೆ ರಿಲೀಸ್ ಮಾಡುವುದು ಕನಸೇ. ಇಲ್ಲಿ ಮುಟ್ಟಿದರೆ ಅಲ್ಲಿ ಕೆಡುತ್ತದೆ. ನಾವು ಮೊದಲು ಟೆಸ್ಟ್ ಬರೆದದ್ದು ತೂಕ ಮತ್ತು ಹಣದ ಲೆಕ್ಕಕ್ಕೆ ಮಾತ್ರ. ಉಳಿದದ್ದನ್ನು ಕೈ ಹಾಕಿದಾಗಲೆಲ್ಲ ಒಂದೊಂದಾಗಿ ಸೇರಿಸಿದೆವು. ತರಬೇತಿಗಿಂತ ಮೊದಲು ಇದಕ್ಕೆ ಸಮಯ ಕೊಡಿ ಅಂತಲೇ ನಾನು ಹೇಳುವುದು.

ದಿನಾ ಹದಿನೈದು ನಿಮಿಷ

ದಿನಕ್ಕೊಂದು ಸಣ್ಣ ಸಭೆ, 15 ನಿಮಿಷ. ಗುಬ್ಬಿ, ಶಿರಾ ಕಡೆಯಿಂದ ಬಸ್ಸಿನಲ್ಲಿ ಬರುವವರು ಇದ್ದುದರಿಂದ ನಾವು ಹತ್ತೂಕಾಲಕ್ಕೆ ಇಟ್ಟುಕೊಂಡೆವು. ನಿಂತೇ ಮಾತಾಡಿ, ಕೂತರೆ ಬೆಳೆಯುತ್ತದೆ. ಎಲ್ಲರೂ ಮ್ಯಾನೇಜರ್ ಮುಖ ನೋಡಿ ವರದಿ ಒಪ್ಪಿಸುತ್ತಿದ್ದರೆ ಏನೋ ತಪ್ಪಾಗಿದೆ ಅಂತ ತಿಳಿಯಿರಿ. ಬೋರ್ಡು ನೋಡಿ ಮಾತಾಡಬೇಕು, ಯಾರ ಕೆಲಸ ಎಲ್ಲಿ ಸಿಕ್ಕಿಕೊಂಡಿದೆ ಅಂತ.

ಡೆಮೊ ತಪ್ಪಿಸಬೇಡಿ

ಸ್ಪ್ರಿಂಟ್ ಮುಗಿದ ದಿನ ಆಗಿರುವುದನ್ನು ತೋರಿಸಿ. ಮಾಲೀಕರಿಗೆ ಮಾತ್ರ ಅಲ್ಲ, ಬಳಸುವವರಿಗೆ. ಕೀಬೋರ್ಡ್ ಅವರ ಕೈಗೇ ಕೊಟ್ಟು ನೀವು ಬಾಯಿ ಮುಚ್ಚಿಕೊಂಡಿರಿ. ಇದು ಬಹಳ ಕಷ್ಟ! ನಮ್ಮ ಎರಡನೇ ಡೆಮೊದಲ್ಲಿ ಗುಮಾಸ್ತರು ಪ್ರತಿ ತೂಕವನ್ನೂ ಮೊದಲು ಹಾಳೆಯಲ್ಲಿ ಗೀಚಿ, ಆಮೇಲೆ ಟೈಪ್ ಮಾಡುತ್ತಿದ್ದರು. ಯಾಕೆ ಅಂತ ಕೇಳಿದೆ. ‘ಕರೆಂಟ್ ಹೋದರೆ?’ ಅಂದರು. ಪ್ರತಿ ಸಾಲೂ ತಕ್ಷಣ ಸೇವ್ ಆಗಬೇಕು ಅನ್ನುವ ಚೀಟಿ ಹುಟ್ಟಿದ್ದು ಅಲ್ಲಿ. ಮುಂದಿನ ಸ್ಪ್ರಿಂಟ್‌ಗೆ ಅದೇ ಮೇಲೆ ಬಂತು.

ಡೆಮೊ ಆದ ಮೇಲೆ ತಂಡ ಒಂದು ಗಂಟೆ ಕೂತು, ನಾವು ಕೆಲಸ ಮಾಡುವ ರೀತಿಯಲ್ಲಿ ಏನು ಸರಿಯಿಲ್ಲ ಅಂತ ಮಾತಾಡಬೇಕು. ನಮ್ಮಲ್ಲಿ ಮೊದಲ ಸಲ ಎಲ್ಲರದ್ದೂ ಒಂದೇ ಉತ್ತರ, ‘ಎಲ್ಲ ಚೆನ್ನಾಗಿದೆ ಸಾರ್’. ಮುಂದಿನ ಸಲ ಹೆಸರಿಲ್ಲದ ಚೀಟಿ ಹಾಕಲು ಹೇಳಿ ನಾನು ಹೊರಗೆ ಟೀ ಕುಡಿಯಲು ಹೋದೆ. ವಾಪಸ್ ಬಂದಾಗ ಐದು ಚೀಟಿಯಲ್ಲಿ ನಾಲ್ಕು ನನ್ನ ಮೇಲೇ: ‘ಸ್ಪ್ರಿಂಟ್ ನಡುವೆ ಸಾರ್ ಹೊಸ ಕೆಲಸ ತರಬಾರದು.’ ಏನು ಮಾಡಲಿ, ಒಪ್ಪಿಕೊಂಡೆ.

ದುಡ್ಡಿನ ಮಾತು

ತಂಡ ಬದಲಾದರೂ ಕರಾರು ಹಳೆಯದೇ ಇದ್ದರೆ ಸುಖವಿಲ್ಲ. ಇಷ್ಟು ಕೆಲಸ, ಇಷ್ಟು ದಿನ, ಇಷ್ಟು ದುಡ್ಡು ಅಂತ ಮೂರನ್ನೂ ಮೊದಲೇ ಕಟ್ಟಿಹಾಕಿದರೆ ಗಿರಾಕಿ ಹೊಸದೇನಾದರೂ ಕೇಳಿದಾಗ ಜಗಳವೇ ಗತಿ. ದಿನ ಮತ್ತು ದುಡ್ಡು ಗಟ್ಟಿ ಮಾಡಿ, ಕೆಲಸದ ಪಟ್ಟಿ ಸಡಿಲ ಬಿಡಿ. ಒಂದು ಚೀಟಿ ಒಳಗೆ ಬಂದರೆ ಅಷ್ಟೇ ಗಾತ್ರದ ಇನ್ನೊಂದು ಹೊರಗೆ ಹೋಗಲಿ. ಮಂಡಿಯವರಿಗೆ ಇದನ್ನು ತಿಳಿಸುವುದು ಕಷ್ಟ ಅಂದುಕೊಂಡಿದ್ದೆ. ದಿನಾ ವ್ಯಾಪಾರ ಮಾಡುವವರಲ್ವಾ, ಐದೇ ನಿಮಿಷದಲ್ಲಿ ಒಪ್ಪಿದರು. ತಕರಾರು ಬಂದದ್ದು ನಮ್ಮ ಲೆಕ್ಕಪತ್ರದವರಿಂದ. ಸರ್ಕಾರಿ ಟೆಂಡರ್ ಆದರೆ ಇಷ್ಟು ಸಲೀಸಲ್ಲ. ಅಲ್ಲಿ ಹಂತಕ್ಕೊಂದು ಪಾವತಿ ಇದ್ದರೆ, ಹಂತಗಳನ್ನಾದರೂ ಚಿಕ್ಕದು ಮಾಡಿಸಿಕೊಳ್ಳಲು ನೋಡಿ.

ಮೊದಲ ತಂಡ ಆರೇಳು ಸ್ಪ್ರಿಂಟ್ ಓಡಿದ ಮೇಲೆ ಎರಡನೆಯದನ್ನು ಶುರು ಮಾಡಿ. ಮೊದಲಿನವರಲ್ಲಿ ಒಬ್ಬರನ್ನು ಅಲ್ಲಿಗೆ ಕಳಿಸಿ, ಆದರೆ ನಕಲು ಮಾಡಿಸಬೇಡಿ. ನಮ್ಮ ಎರಡನೇ ತಂಡ ಮೂರು ವಾರದ ಸ್ಪ್ರಿಂಟ್ ಇಟ್ಟುಕೊಂಡಿದೆ, ಬೋರ್ಡಿನಲ್ಲಿ ನಾಲ್ಕು ಸಾಲು ಎಳೆದಿದೆ. ನಾಲ್ಕನೇ ಸಾಲಿನ ಹೆಸರು ‘ಗಿರಾಕಿ ನೋಡಿದ್ದು’. ಅದನ್ನು ನೋಡಿ ಮೊದಲನೇ ತಂಡದವರೂ ತಮ್ಮ ಬೋರ್ಡಿನಲ್ಲಿ ಒಂದು ಗೆರೆ ಜಾಸ್ತಿ ಎಳೆದುಕೊಂಡರು.