ಮಂಗಳೂರಿಂದ ಚಳ್ಳಕೆರೆವರೆಗೆ ಒಂದೇ ಗಾಳಿಯ ಹಿಂದೆ: ಹವಾಮಾನಶಾಸ್ತ್ರದ ಪರೀಕ್ಷೆಗೆ ನಾನು ಓದಿದ ರೀತಿ

ಹವಾಮಾನಶಾಸ್ತ್ರ ಓದಲು ನಮ್ಮ ದುರ್ಗ (ಚಿತ್ರದುರ್ಗ), ದಾವಣಗೆರೆ ಸೀಮೆಗಿಂತ ಒಳ್ಳೆ ಜಾಗ ಇಲ್ಲ. ಇದನ್ನು ಅಭಿಮಾನಕ್ಕೆ ಹೇಳುತ್ತಿಲ್ಲ. ಪಶ್ಚಿಮಕ್ಕೆ ಹೋದರೆ ವರ್ಷಕ್ಕೆ 7000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುವ ಆಗುಂಬೆ, ಪೂರ್ವಕ್ಕೆ ಬಂದರೆ 500 ಮಿ.ಮೀ. ಆಸುಪಾಸಿನ ಚಳ್ಳಕೆರೆ. ಎರಡರ ನಡುವೆ ನೇರ ಗೆರೆ ಎಳೆದರೆ 200 ಕಿ.ಮೀ. ಕೂಡ ಆಗುವುದಿಲ್ಲ. ಪಠ್ಯದ ಮುಕ್ಕಾಲು ಭಾಗ ಈ ಗೆರೆ ಮೇಲೇ ಕೂತಿದೆ ಅಂತ ಗೊತ್ತಾದ ಮೇಲೆ ನಾನು ಅಧ್ಯಾಯಗಳ ಕ್ರಮ ಬಿಟ್ಟೆ.

ನಾನು ಭೂಗೋಳ ಓದುವವಳು. ಊರು ಚಳ್ಳಕೆರೆ ಕಡೆ, ಹಾಸ್ಟೆಲ್ ದಾವಣಗೆರೆಯಲ್ಲಿ. ಪರೀಕ್ಷೆ ಬಂದದ್ದು ಆಷಾಢದಲ್ಲಿ. ಬಸ್ಸಲ್ಲಿ ಊರಿಗೆ ಹೋಗುವಾಗ ದುರ್ಗದ ಸುತ್ತ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಬಿಡದೆ ತಿರುಗುತ್ತಿರುತ್ತವೆ, ಮೋಡ ಓಡುತ್ತಲೇ ಇರುತ್ತದೆ, ಹನಿ ಮಾತ್ರ ಇಲ್ಲ. ಗಾಳಿ ಇದೆ, ಮೋಡ ಇದೆ, ಮಳೆ ಯಾಕಿಲ್ಲ? ಈ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಬರೆಯಲು ಬಂದರೆ ಪಾಸ್ ಆಗೋದಷ್ಟೇ ಅಲ್ಲ, ವಿಷಯವೇ ಕೈಗೆ ಬಂದ ಹಾಗೆ ಅಂತ ತೀರ್ಮಾನ ಮಾಡಿ ಕೂತೆ.

ಮೊದಲು ಬಾಯಿಪಾಠದ್ದನ್ನು ಮುಗಿಸಿ ಪಕ್ಕಕ್ಕಿಟ್ಟೆ. ಗಾಳಿಯಲ್ಲಿ ಸಾರಜನಕ 78%, ಆಮ್ಲಜನಕ 21%, ಆರ್ಗಾನ್ 0.93%. ವಾತಾವರಣದ ಕೆಳಗಿನ ಪದರ ಪರಿವರ್ತನ ಮಂಡಲ, ಅದರ ಎತ್ತರ ಧ್ರುವದಲ್ಲಿ ಸುಮಾರು 8 ಕಿ.ಮೀ., ಸಮಭಾಜಕದಲ್ಲಿ 16ರಿಂದ 18. ಅದರ ಮೇಲಿನ ಪದರ ಸಮೋಷ್ಣ ಮಂಡಲ 50 ಕಿ.ಮೀ.ವರೆಗೆ, ಅಲ್ಲಿ ಮೇಲೆ ಹೋದಂತೆ ಬಿಸಿ ಏರುತ್ತದೆ, ಕಾರಣ ಓಝೋನ್ ಅತಿನೇರಳೆ ಕಿರಣ ಹೀರುತ್ತದೆ. ಇವಕ್ಕೆ ಒಂದು ಹಾಳೆ ಸಾಕು. ಜಾಸ್ತಿ ಹೊತ್ತು ಕೊಡಬೇಡಿ.

ಶಾಖದ ಲೆಕ್ಕಕ್ಕೆ ಮಾತ್ರ ಸ್ವಲ್ಪ ನಿಲ್ಲಬೇಕು. ಪಠ್ಯದ ಪ್ರಕಾರ ಸೂರ್ಯನಿಂದ 100 ಪಾಲು ಬಂದರೆ 35 ಹಾಗೇ ವಾಪಸ್, 14 ವಾತಾವರಣಕ್ಕೆ, 51 ನೆಲಕ್ಕೆ. ಉಪಗ್ರಹದ ಅಳತೆಯಲ್ಲಿ ವಾಪಸ್ ಹೋಗುವುದು 30ರ ಹತ್ತಿರ, ಆದರೆ ಪರೀಕ್ಷೆಯಲ್ಲಿ ಪಠ್ಯದ ಅಂಕಿಯನ್ನೇ ಬರೆಯಿರಿ. ನೆಲದ 51ರಲ್ಲಿ 17 ನೇರ ಬಾಹ್ಯಾಕಾಶಕ್ಕೆ ಹೋಗುತ್ತದೆ, 34 ವಾತಾವರಣಕ್ಕೆ ಸೇರುತ್ತದೆ. ಆ 34ರಲ್ಲಿ 19 ಪಾಲು ನೀರಾವಿಯ ಗುಪ್ತೋಷ್ಣ, ಅಂದರೆ ನೀರು ಆವಿಯಾಗುವಾಗ ಹೀರಿಕೊಂಡು ಮತ್ತೆ ಹನಿಯಾಗುವಾಗ ಬಿಡುವ ಶಾಖ. ಅಂದರೆ ಗಾಳಿಯನ್ನು ನೆಲ ಬಿಸಿ ಮಾಡುವುದು ಹೆಚ್ಚಾಗಿ ನೀರಿನ ಮೂಲಕ! ಈ 19ನ್ನು ನಾನು ಕೆಂಪು ಪೆನ್ನಲ್ಲಿ ಸುತ್ತು ಹಾಕಿ ಇಟ್ಟೆ, ಮುಂದಿನ ಲೆಕ್ಕಕ್ಕೆಲ್ಲ ಅದೇ ಬೇಕು.

ಈಗ ಆ ಗಾಳಿ. ಮಂಗಳೂರಿನ ಕಡಲತೀರದಲ್ಲಿ ಒಂದು ಪೊಟ್ಟಣ ಗಾಳಿ ಇದೆ ಅಂತ ಅಂದುಕೊಂಡೆ. ಬಿಸಿ 28 ಡಿಗ್ರಿ, ಇಬ್ಬನಿ ಬಿಂದು (ಎಷ್ಟಕ್ಕೆ ತಣ್ಣಗಾದರೆ ಆವಿ ಹನಿಯಾಗುತ್ತದೋ ಆ ಡಿಗ್ರಿ) 24. ಪಶ್ಚಿಮದ ಗಾಳಿ ಅದನ್ನು ಘಟ್ಟಕ್ಕೆ ತಳ್ಳುತ್ತದೆ. ಮೇಲೇರಿದ ಗಾಳಿಗೆ ಒತ್ತಡ ಕಡಿಮೆ, ಹಿಗ್ಗುತ್ತದೆ, ಹಿಗ್ಗಿದ್ದಕ್ಕೆ ತಣ್ಣಗಾಗುತ್ತದೆ. ಒಣ ಗಾಳಿಗೆ ಕಿಲೋಮೀಟರಿಗೆ ಸುಮಾರು 10 ಡಿಗ್ರಿ. ಇಬ್ಬನಿ ಬಿಂದುವೂ ಮೇಲೇರಿದಂತೆ ಕಿಲೋಮೀಟರಿಗೆ 2 ಡಿಗ್ರಿಯಷ್ಟು ಇಳಿಯುತ್ತದೆ. ಹಾಗಾಗಿ 500 ಮೀಟರಿನಲ್ಲಿ ಎರಡೂ 23ಕ್ಕೆ ಬಂದು ಸೇರುತ್ತವೆ. ಅಲ್ಲಿ ಮೋಡದ ತಳ. ಕೆಳಗೆ ಹೊರಟಾಗ ಎರಡರ ನಡುವೆ ಇದ್ದ ವ್ಯತ್ಯಾಸವನ್ನು 125ರಿಂದ ಗುಣಿಸಿದರೆ ಮೋಡದ ತಳದ ಎತ್ತರ ಮೀಟರಿನಲ್ಲಿ ಸಿಗುತ್ತದೆ ಅನ್ನೋ ಸೂತ್ರ ಬಂದದ್ದು ಇಲ್ಲಿಂದಲೇ, ಸುಮ್ನೆ ಉರು ಹೊಡೆಯಬೇಕಾಗಿಲ್ಲ.

500ರಿಂದ ಮೇಲೆ ಆವಿ ಹನಿಯಾಗುತ್ತದೆ, ಗುಪ್ತೋಷ್ಣ ಬಿಡುತ್ತದೆ, ತಣ್ಣಗಾಗುವ ವೇಗ ಇಳಿಯುತ್ತದೆ. ಕಿಲೋಮೀಟರಿಗೆ 6 ಡಿಗ್ರಿ ಅಂತ ಹಿಡಿದೆ. ಘಟ್ಟದ ನೆತ್ತಿ 1000 ಮೀಟರ್ ಅಂತ ಇಟ್ಟುಕೊಂಡರೆ ಅಲ್ಲಿ 20 ಡಿಗ್ರಿ. 24 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿಯಬಲ್ಲ ಆವಿ ಸುಮಾರು 22 ಗ್ರಾಂ, 20ರಲ್ಲಿ ಸುಮಾರು 17. ಮಿಕ್ಕಿದ್ದು ಮಲೆನಾಡಿಗೆ ಬಿತ್ತು. ಆಮೇಲೆ ಗಾಳಿ ನಮ್ಮ ಕಡೆ ಇಳಿಯುತ್ತದೆ. ದುರ್ಗದ ಎತ್ತರ 700 ಮೀಟರಿಗೆ ಸ್ವಲ್ಪ ಮೇಲೆ. 300 ಮೀಟರ್ ಇಳಿದರೆ 3 ಡಿಗ್ರಿ ಏರಿ 23 ಆಗುತ್ತದೆ. ಮಳೆ ಸುರಿಸದೆ ಬಂದಿದ್ದರೆ ಇದೇ ಎತ್ತರದಲ್ಲಿ 21.8 ಇರಬೇಕಿತ್ತು. ಆ 1.2 ಡಿಗ್ರಿ ಮಲೆನಾಡಿನ ಮಳೆ ಬಿಟ್ಟುಹೋದ ಶಾಖ. ಇನ್ನು ಮಧ್ಯಾಹ್ನದ ಬಿಸಿಲಿಗೆ 30 ಡಿಗ್ರಿ ಆದರೆ ಗಾಳಿ 30 ಗ್ರಾಂ ಹಿಡಿಯಬಲ್ಲದು, ಇರುವುದು 17. ಹಿಡಿಯಬಲ್ಲದ್ದರಲ್ಲಿ ಇರುವ ಪಾಲು, ಅಂದರೆ ಸಾಪೇಕ್ಷ ಆರ್ದ್ರತೆ, 57%. ಮೋಡ ಕಟ್ಟಿದರೂ ಮಳೆಯಾಗದ್ದಕ್ಕೆ ಅರ್ಧ ಕಾರಣ ಇಲ್ಲಿ ಸಿಕ್ಕಿತು. ನಿಜವಾದ ಗಾಳಿ ಇಷ್ಟು ಸರಳವಾಗಿ ನಡೆಯುವುದಿಲ್ಲ, ನಿಜ. ಆದರೆ ಇಳಿಕೆ ದರ (ಮೇಲೇರಿದಂತೆ ತಣ್ಣಗಾಗುವ ವೇಗ), ಇಬ್ಬನಿ ಬಿಂದು, ಗುಪ್ತೋಷ್ಣ, ಆರ್ದ್ರತೆ, ಮಳೆ ನೆರಳು (ಬೆಟ್ಟದ ಆಚೆ ಬದಿಗೆ ಮಳೆ ತಪ್ಪುವುದು), ಐದೂ ಒಂದೇ ಲೆಕ್ಕದಲ್ಲಿ ಬರುತ್ತವೆ. ಇದನ್ನು ಪುಸ್ತಕ ಮುಚ್ಚಿ, ಬೇರೆ ಬೇರೆ ಅಂಕಿ ಹಾಕಿ, ಮತ್ತೆ ಮತ್ತೆ ಮಾಡಿದೆ.

ಲೆಕ್ಕ ನಂಬುವ ಹಾಗಿದೆಯಾ ಅಂತ ನೋಡಲು ಎರಡು ಥರ್ಮಾಮೀಟರ್ ತೆಗೆದುಕೊಂಡು ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಹಾಸ್ಟೆಲಿನ ಟೆರೇಸಲ್ಲಿ ನೆರಳಲ್ಲಿ ಇಟ್ಟು ಬೀಸಣಿಗೆಯಿಂದ ಗಾಳಿ ಹಾಕಿದೆ. ಒಣದ್ದು 30, ಒದ್ದೆಯದ್ದು 24. ಕೋಷ್ಟಕ ನೋಡಿದರೆ ಆರ್ದ್ರತೆ 60%ರ ಸ್ವಲ್ಪ ಮೇಲೆ. ಕಾಗದದ ಲೆಕ್ಕಕ್ಕೆ ಇಷ್ಟು ಹತ್ತಿರ ಬಂದದ್ದು ನೋಡಿ ಎಷ್ಟು ಖುಷಿಯಾಯ್ತು ಅಂದ್ರೆ ರೂಮಿನವರನ್ನೆಲ್ಲ ಕರೆದು ತೋರಿಸಿದೆ. ಏಪ್ರಿಲ್‌ನ ಪ್ರಾಕ್ಟಿಕಲ್ ಪುಸ್ತಕ ತೆಗೆದು ನೋಡಿದರೆ ಅಲ್ಲಿ ಒಣದ್ದು 38, ಒದ್ದೆಯದ್ದು 22 ಇತ್ತು, ಅಂದರೆ 25%ರ ಹತ್ತಿರ. ದಾವಣಗೆರೆಯಲ್ಲಿ ಬೇಸಿಗೆಗೆ ಕೂಲರ್ ತಣ್ಣಗೆ ಗಾಳಿ ಕೊಡೋದು, ಅದೇ ಕೂಲರ್ ಮಂಗಳೂರಿನಲ್ಲಿ ಬರೀ ತೇವ ಉಗುಳೋದು, ಎರಡೂ ಈ ಒಣ, ಒದ್ದೆ ಅಂತರದಿಂದಲೇ. ವೈವಾದಲ್ಲಿ ಇದನ್ನೇ ಹೇಳಿದೆ.

ಒತ್ತಡದ ಅಧ್ಯಾಯಕ್ಕೆ ಗೆಳತಿಯ ಫೋನು ಉಪಯೋಗಕ್ಕೆ ಬಂತು. ಅದರಲ್ಲಿ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಸೆನ್ಸರ್ ಇದೆ. ದಾವಣಗೆರೆಯಲ್ಲಿ 940 ಹೆಕ್ಟೊಪಾಸ್ಕಲ್ ಹತ್ತಿರ, ದುರ್ಗದಲ್ಲಿ ಬಸ್ ಇಳಿದಾಗ 925ರ ಹತ್ತಿರ. ಹವಾಮಾನದ ಆ್ಯಪ್ ಮಾತ್ರ ಎರಡೂ ಕಡೆ ಸಾವಿರದ ಮೇಲೆ ತೋರಿಸುತ್ತದೆ! ಆ್ಯಪಿನದ್ದು ಸಮುದ್ರ ಮಟ್ಟಕ್ಕೆ ಹೊಂದಿಸಿದ ಅಂಕಿ, ಸೆನ್ಸರಿನದ್ದು ನಿಂತ ಜಾಗದ್ದು. ಒಂದೇ ಒತ್ತಡದ ಜಾಗಗಳನ್ನು ಸೇರಿಸುವ ಸಮಭಾರ ರೇಖೆ ಎಳೆಯುವ ಮೊದಲು ಈ ಹೊಂದಾಣಿಕೆ ಯಾಕೆ ಬೇಕು ಅಂತ ಇದಕ್ಕಿಂತ ಚೆನ್ನಾಗಿ ಯಾರು ಹೇಳಿಕೊಡುತ್ತಾರೆ? ಇಲ್ಲದಿದ್ದರೆ ನಕ್ಷೆಯಲ್ಲಿ ಕಾಣುವುದು ಗುಡ್ಡ ಮಾತ್ರ, ಹವೆ ಅಲ್ಲ. ಇನ್ನೊಂದು ವಿಷಯ, ಮಳೆಗಾಲವೋ ಬೇಸಿಗೆಯೋ, ಬೆಳಗ್ಗೆ ಹತ್ತರ ಸುಮಾರಿಗೆ ಒತ್ತಡ ಏರಿರುತ್ತದೆ, ಸಂಜೆ ನಾಲ್ಕಕ್ಕೆ ಇಳಿದಿರುತ್ತದೆ, ರಾತ್ರಿ ಹತ್ತಕ್ಕೆ ಮತ್ತೆ ಏರುತ್ತದೆ. ಉಷ್ಣವಲಯದಲ್ಲಿ ಇದು ದಿನದ ಪದ್ಧತಿ. ಒಂದೆರಡು ದಿನ ಬರೆದಿಟ್ಟರೆ ಗ್ರಾಫ್ ತಾನಾಗೇ ಬರುತ್ತದೆ.

ಗಾಳಿಯ ದಿಕ್ಕಿಗೆ ಬಾಣ ಎಳೆಯದೆ ಓದಬೇಡಿ. ದಕ್ಷಿಣ ಗೋಳದ ಆಗ್ನೇಯ ವಾಣಿಜ್ಯ ಮಾರುತ ಸಮಭಾಜಕ ದಾಟಿದ ಮೇಲೆ, ಭೂಮಿ ತಿರುಗುವುದರಿಂದ ಆಗುವ ಕೊರಿಯೊಲಿಸ್ ಪರಿಣಾಮದಿಂದ ಬಲಕ್ಕೆ ಬಾಗುತ್ತದೆ, ಅದೇ ನಮ್ಮ ನೈಋತ್ಯ ಮುಂಗಾರು. ಅದರಲ್ಲೂ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಸೊಮಾಲಿಯಾ ಕರಾವಳಿಯಿಂದ ಅರಬ್ಬೀ ಸಮುದ್ರ ದಾಟಿ ಬರುವ ಕೆಳಮಟ್ಟದ ಜೆಟ್, ಅಂದರೆ ಜೋರು ಗಾಳಿಯ ಹೊಳೆ, ಇದೆ. ಜುಲೈನಲ್ಲಿ ಅದು ಜೋರು. ದುರ್ಗದ ಗುಡ್ಡಗಳ ಮೇಲಿನ ಯಂತ್ರಗಳಿಗೆ ಆಷಾಢದಲ್ಲಿ ಗಾಳಿಯ ಬರ ಬಾರದಿರುವುದು ಇದರಿಂದ. ನನ್ನ ಪ್ರಶ್ನೆಯ ಉಳಿದರ್ಧ ಇಲ್ಲಿತ್ತು. ಗಾಳಿ ಅಡ್ಡಡ್ಡ ಓಡುತ್ತಿದೆ, ಮೇಲೇರುತ್ತಿಲ್ಲ. ಘಟ್ಟದಲ್ಲಿ ಬೆಟ್ಟ ಅದನ್ನು ಎತ್ತಿತ್ತು, ಬಯಲಲ್ಲಿ ಎತ್ತುವವರಿಲ್ಲ.

ಹಾಗಾದರೆ ನಮಗೆ ಮಳೆ ಯಾವಾಗ? ಇದನ್ನು ಅಪ್ಪನ ಮಳೆ ನಕ್ಷತ್ರದ ಜೊತೆ ಸೇರಿಸಿ ಓದಿದೆ. ಪುಸ್ತಕದಲ್ಲಿ ಇದು ಇಲ್ಲ, ಆದರೆ ನೆನಪಿಡಲು ನನಗೆ ಇದಕ್ಕಿಂತ ಒಳ್ಳೆ ದಾರಿ ಸಿಗಲಿಲ್ಲ. ಸೂರ್ಯ ವರ್ಷದಲ್ಲಿ 27 ನಕ್ಷತ್ರ ದಾಟುತ್ತಾನೆ, ಒಂದೊಂದಕ್ಕೆ 13, 14 ದಿನ. ಅಂದರೆ ಮಳೆ ನಕ್ಷತ್ರ ಸೂರ್ಯನ ಕ್ಯಾಲೆಂಡರ್. ನಮ್ಮ ಅಕ್ಷಾಂಶ ಸುಮಾರು 14 ಡಿಗ್ರಿ ಉತ್ತರ, ಸೂರ್ಯ ನೆತ್ತಿ ಮೇಲೆ ಬರುವುದು ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ. ಏಪ್ರಿಲ್ ಕೊನೆಗೆ ಹುಟ್ಟುವ ಮಳೆ ಯಾವುದು? ಭರಣಿ! ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಾರಲ್ವಾ. ನೆಲ ಕಾದು, ಗಾಳಿ ನೆಟ್ಟಗೆ ಮೇಲೇರಿ, ಸಂಜೆಗೆ ಕ್ಯುಮುಲೋನಿಂಬಸ್ ಅನ್ನೋ ಗುಡುಗಿನ ಮೋಡ ಕಟ್ಟಿ, ಗುಡುಗು ಆಲಿಕಲ್ಲು ಸಮೇತ ಸುರಿಯುವ ಪರಿಸರಣ ಮಳೆ ಅದು. ಆರಿದ್ರಾ ಹುಟ್ಟುವುದು ಜೂನ್ 21ರ ಸುಮಾರಿಗೆ, ಸೂರ್ಯ ಕರ್ಕಾಟಕ ವೃತ್ತದ ಮೇಲೆ. ಉತ್ತರೆ ಮಳೆ ನಡೆಯುವಾಗ ಸೆಪ್ಟೆಂಬರ್‌ನ ವಿಷುವ, ಹಗಲು ರಾತ್ರಿ ಸಮ ಇರುವ ದಿನ. ಸೂರ್ಯನ ಚಲನೆ, ಎರಡೂ ಗೋಳದ ವಾಣಿಜ್ಯ ಮಾರುತಗಳು ಸೇರುವ ಸಂಗಮ ವಲಯ ಉತ್ತರಕ್ಕೆ ಹೋಗಿ ದಕ್ಷಿಣಕ್ಕೆ ಮರಳುವುದು, ಎರಡಕ್ಕೂ ಇದೇ ಕೋಷ್ಟಕ ಸಾಕಾಯ್ತು.

ದುರ್ಗಕ್ಕೆ ಜಾಸ್ತಿ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗ ಪಶ್ಚಿಮದ ಗಾಳಿ ಸೋತಿರುತ್ತದೆ, ಗುಡುಗಿನ ಮೋಡಕ್ಕೆ ನಿಂತು ಬೆಳೆಯಲು ಬಿಡುವು ಸಿಗುತ್ತದೆ, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳೂ ಬರುತ್ತವೆ. ಹೀಗೆ ಬೆಟ್ಟ ಗಾಳಿಯನ್ನು ಎತ್ತಿ ಬೀಳುವ ಆರೋಹ ಮಳೆಗೆ ಆಗುಂಬೆ, ಪರಿಸರಣಕ್ಕೆ ಭರಣಿ, ಕುಸಿತದ ಸುತ್ತ ಸುತ್ತುವ ಗಾಳಿ ತರುವ ಆವರ್ತ ಮಳೆಗೆ ಹಿಂಗಾರು. ಮೂರು ವಿಧದ ಮಳೆಗೂ ಉದಾಹರಣೆ ಮನೆಯ ಹತ್ತಿರದ್ದೇ. ಆವರ್ತದ ಚಿತ್ರದಲ್ಲಿ ಉತ್ತರ ಗೋಳಕ್ಕೆ ಬಾಣ ಗಡಿಯಾರದ ವಿರುದ್ಧ, ಒಳಮುಖ. ಇದನ್ನು ದಿನಾ ಒಮ್ಮೆ ಬರೆದೆ.

ಶಾಂತ ಸಾಗರದ ನೀರು ವಾಡಿಕೆಗಿಂತ ಬಿಸಿಯಾದರೆ ಎಲ್ ನಿನೊ, ತಣ್ಣಗಾದರೆ ಲಾ ನಿನಾ. ಇವಕ್ಕೆ ಹಿರಿಯೂರಿನ ವಾಣಿವಿಲಾಸ ಸಾಗರ ಅಣೆಕಟ್ಟೆಯನ್ನು ಉದಾಹರಣೆಗೆ ತೆಗೆದುಕೊಂಡೆ. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಅದು ಲಾ ನಿನಾ ವರ್ಷ. ಮರುವರ್ಷ 2023 ಎಲ್ ನಿನೊ, ರಾಜ್ಯದ ಬಹುಪಾಲು ತಾಲ್ಲೂಕುಗಳಿಗೆ ಬರ. ಆದರೆ ಇಷ್ಟೇ ಬರೆದು ನಿಲ್ಲಿಸುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಆ ಅಣೆಕಟ್ಟೆಗೆ ಭದ್ರಾ ನೀರೂ ಹರಿದು ಬಂದಿತ್ತು, ವೇದಾವತಿ ಹುಟ್ಟುವುದೇ ಬಾಬಾ ಬುಡನ್‌ಗಿರಿ ಕಡೆಯ ಮಳೆಯಲ್ಲಿ. ಸಾಗರದ ಬಿಸಿ ಒಂದು ಕಾರಣ, ಒಂದೇ ಕಾರಣ ಅಲ್ಲ. ಉತ್ತರದಲ್ಲಿ ಈ ಒಂದು ವಾಕ್ಯ ಸೇರಿಸಿ, ಓದಿ ಬರೆದಿದ್ದಾರೆ ಅಂತ ಗೊತ್ತಾಗುತ್ತದೆ.

ಬಿಸಿ, ಮಳೆ ನೋಡಿ ವಾಯುಗುಣಕ್ಕೆ ಅಕ್ಷರದ ಹೆಸರು ಕೊಡುವ ಕೊಪೆನ್ ವರ್ಗೀಕರಣವನ್ನು ಬೇಕಂತಲೇ ಕೊನೆಗೆ ಇಟ್ಟುಕೊಂಡೆ. ಮೊದಲೇ ಓದಿದರೆ ಅದು ಬರೀ ಅಕ್ಷರಗಳ ಗೋಜಲು. ಗಾಳಿಯ ಹಿಂದೆ ಕರಾವಳಿಯಿಂದ ಚಳ್ಳಕೆರೆವರೆಗೆ ಬಂದ ಮೇಲೆ, ಕರಾವಳಿಗೆ ಮಾನ್ಸೂನ್ ವಾಯುಗುಣದ ಗುಂಪು, ನಮಗೆ ಅರೆ ಶುಷ್ಕದ ಬಿ ಗುಂಪು ಯಾಕೆ ಅಂತ ಯಾರೂ ಹೇಳಬೇಕಾಗಿಲ್ಲ. ಪರೀಕ್ಷೆಯಲ್ಲಿ ಮಳೆಯ ವಿಧಗಳ ಮೇಲೆ ಹತ್ತು ಅಂಕದ ಪ್ರಶ್ನೆ ಬಂತು. ಪುಟದ ಅಡ್ಡಕ್ಕೆ ಕಡಲು, ಘಟ್ಟ, ಬಯಲು ಬರೆದು, ಮೇಲೆ 28, 23, 20, 23 ಅಂತ ಡಿಗ್ರಿ ಗುರುತು ಹಾಕಿ, ಅದರ ಕೆಳಗೆ ಉತ್ತರ ಶುರು ಮಾಡಿದೆ.